ಹೊಡೆದು ನೋಡಿದ್ದೀರಾ?

ಟಿವಿಯಲ್ಲಿ ಕೂತು ಮಾತಾಡುವವನಿಗೆ ಒಂದು ದೊಡ್ಡ ಅನುಕೂಲ ಇದೆ. ಎದುರಿಗಿರುವ ಕ್ಯಾಮೆರಾ ತಿರುಗಿ ಪ್ರಶ್ನೆ ಕೇಳುವುದಿಲ್ಲ. ಆದರೆ ಕಾರ್ಯಕ್ರಮ ಮುಗಿದ ಮೇಲೆ ಫೋನ್ ಬರುತ್ತಲ್ಲ, ಅದು ಕೇಳುತ್ತೆ.

ಕೆಲವು ವರ್ಷಗಳ ಹಿಂದಿನ ಮಾತು. ನಾಲ್ಕನೇ ಮೈಸೂರು ಯುದ್ಧದ ಬಗ್ಗೆ ಒಂದು ವಿಶೇಷ ಕಾರ್ಯಕ್ರಮ ಮಾಡುತ್ತಿದ್ದೆ. 1799ರ ಮೇ 4, ಶ್ರೀರಂಗಪಟ್ಟಣದ ಕೋಟೆ ಒಡೆದ ದಿನ. ಪರದೆಯ ಮೇಲೆ ಆ ಕಾಲದ ಒಂದು ಚಕಮಕಿ ಪಿಸ್ತೂಲಿನ ಗ್ರಾಫಿಕ್ಸ್ ಗಿರಗಿರ ತಿರುಗುತ್ತಿತ್ತು. ಹಿನ್ನೆಲೆಯಲ್ಲಿ ಡಮರುಗದಂಥ ಮ್ಯೂಸಿಕ್ಕು. ಆ ಜೋಶ್‌ನಲ್ಲಿ ನಾನೊಂದು ಡೈಲಾಗ್ ಒಗೆದೆ. "ಆ ಕಾಲದ ಪಿಸ್ತೂಲು ಅಂದ್ರೆ ಸದ್ದು ಜಾಸ್ತಿ, ಗುರಿ ಕಮ್ಮಿ. ಹತ್ತು ಹೆಜ್ಜೆ ಆಚೆ ಆನೆ ನಿಂತಿದ್ರೂ ತಾಗೋದು ಡೌಟು!"

ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ನನಗೂ ಖುಷಿಯಾಯಿತು.

ಮರುದಿನ ಆಫೀಸಿಗೆ ಒಂದು ಫೋನ್ ಬಂತು. ವಯಸ್ಸಾದ ದನಿ. "ಸರ್, ನಾನು ಮಡಿಕೇರಿ ಕಡೆಯವನು. ಸೈನ್ಯದಲ್ಲಿ ಸುಬೇದಾರ್ ಆಗಿ ರಿಟೈರ್ ಆದವನು. ನಿಮ್ಮ ಪ್ರೋಗ್ರಾಂ ಚೆನ್ನಾಗಿತ್ತು. ಒಂದೇ ಒಂದು ಪ್ರಶ್ನೆ. ಆ ಪಿಸ್ತೂಲು ನೀವು ಹೊಡೆದು ನೋಡಿದ್ದೀರಾ?"

"ಇಲ್ಲ ಸರ್, ಓದಿದ್ದು ಅಷ್ಟೆ."

"ಸರಿ. ಬರೆದವರು ಹೊಡೆದು ನೋಡಿದ್ರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು ನಾನು. ಲ್ಯಾಬ್‌ನಲ್ಲಿ ರೀಡಿಂಗ್ ತೆಗೆಯದೆ ಪಕ್ಕದವನ ರೆಕಾರ್ಡ್ ನೋಡಿ ಬರೆದು, ವೈವಾದಲ್ಲಿ ಸಿಕ್ಕಿಬಿದ್ದ ಹುಡುಗನ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತು. ಆವತ್ತು ನನ್ನ ಮುಖ ಹಾಗಿತ್ತು.

ಅವತ್ತಿನಿಂದ ಹುಡುಕಲು ಕೂತೆ. ಇಡೀ ಜಗತ್ತಿನಲ್ಲಿ ಈ ಹಳೆ ಪಿಸ್ತೂಲುಗಳನ್ನು ಇವತ್ತಿಗೂ ಯಾರಾದರೂ ಹೊಡೆದು ನೋಡುತ್ತಾರಾ? ನೋಡುತ್ತಾರೆ ಸ್ವಾಮಿ. ಬರೀ ನೋಡುವುದಲ್ಲ, ಅದಕ್ಕೊಂದು ವಿಶ್ವ ಚಾಂಪಿಯನ್‌ಶಿಪ್ಪೇ ಇದೆ.

1971ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದದ್ದು. ಸಂಘಟನೆಯ ಹೆಸರನ್ನು ಚಿಕ್ಕದಾಗಿ ಎಂಎಲ್ಎಐಸಿ ಅಂತಾರೆ. ಬಾಯಿಯಿಂದ ಮದ್ದು ತುಂಬುವ ಕೋವಿಗಳ ಸಂಘಗಳ ಅಂತಾರಾಷ್ಟ್ರೀಯ ಸಮಿತಿ ಅದು. ಇಲ್ಲಿ ಪ್ರತಿ ಸ್ಪರ್ಧೆಗೂ ಒಂದೊಂದು ಹೆಸರು. ನುಣುಪು ನಳಿಗೆಯ ಚಕಮಕಿ ಪಿಸ್ತೂಲಿನ ಸ್ಪರ್ಧೆಗೆ 'ಕೊಮಿನಾಟ್ಸೊ', ಅದು ಇಟಲಿಯ ಒಂದು ಹಳೆಯ ಕೋವಿ ಕಮ್ಮಾರರ ಮನೆತನದ ಹೆಸರು. ಕೇಪು ಹಾಕಿ ಹೊಡೆಯುವ ಪಿಸ್ತೂಲಿಗೆ 'ಕುಶೆನ್‌ರಾಯ್ಟರ್', ಅದು ಜರ್ಮನಿಯ ಮನೆತನ. ಕೇಪಿನ ರಿವಾಲ್ವರ್‌ಗೆ 'ಮರಿಯೆಟ್', ಅದು ಬೆಲ್ಜಿಯಂನ ಕುಶಲಕರ್ಮಿಯ ಹೆಸರು. ಈ ಮೂರರಲ್ಲಿ ಗೆದ್ದ ರಾಜರ ಹೆಸರಿಲ್ಲ, ಸೇನಾಪತಿಗಳ ಹೆಸರಿಲ್ಲ. ಕಬ್ಬಿಣ ಕಾಯಿಸಿ ಬಡಿದವರ ಹೆಸರು ಇದೆ. ನನಗೆ ಮೊದಲು ಇಷ್ಟವಾದದ್ದೇ ಇದು.

ನಿಯಮ ಕೇಳಿ. 30 ನಿಮಿಷ ಸಮಯ. 13 ಗುಂಡು. ಅದರಲ್ಲಿ ಚೆನ್ನಾಗಿ ಬಿದ್ದ 10 ಮಾತ್ರ ಲೆಕ್ಕಕ್ಕೆ. ಪಿಸ್ತೂಲಿಗೆ ಸಾಮಾನ್ಯವಾಗಿ ದೂರ 25 ಮೀಟರ್. ನಿಂತೇ ಹೊಡೆಯಬೇಕು, ಅದೂ ಒಂದೇ ಕೈಯಲ್ಲಿ. ಹತ್ತು ಅಂಕದ ವೃತ್ತದ ಅಡ್ಡಳತೆ ಬರೀ 5 ಸೆಂಟಿಮೀಟರ್. ನಮ್ಮ ಮನೆಯ ಒಂದು ನಿಂಬೆಹಣ್ಣು ಅಂದುಕೊಳ್ಳಿ. ಕಪ್ಪು ಮದ್ದನ್ನೇ ಬಳಸಬೇಕು, ಇವತ್ತಿನ ಹೊಗೆಯಿಲ್ಲದ ಮದ್ದು ನಿಷಿದ್ಧ. ಮದ್ದನ್ನು ದೊಡ್ಡ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವ ಹಾಗಿಲ್ಲ. ಒಳಗೆ ಒಂದು ಕಿಡಿ ಉಳಿದಿದ್ದರೆ ಡಬ್ಬಿಯೇ ಬಾಂಬ್ ಆಗುತ್ತೆ. ಹಾಗಾಗಿ ಒಂದೊಂದು ಈಡಿಗೆ ಬೇಕಾದಷ್ಟನ್ನು ಮೊದಲೇ ತೂಗಿ, ಚಿಕ್ಕ ಚಿಕ್ಕ ಕೊಳವೆಗಳಲ್ಲಿ ತುಂಬಿಕೊಂಡು ಬರಬೇಕು.

ಈಗ ಚಕಮಕಿ ಪಿಸ್ತೂಲು ಹೇಗೆ ಕೆಲಸ ಮಾಡುತ್ತೆ ನೋಡೋಣ. ಮೇಲೆ ಒಂದು ಕಬ್ಬಿಣದ ದವಡೆ, ಅದರ ಬಾಯಲ್ಲಿ ಚಕಮಕಿ ಕಲ್ಲು. ಟ್ರಿಗರ್ ಎಳೆದರೆ ಕಲ್ಲು ಹೋಗಿ ಉಕ್ಕಿನ ತಗಡಿಗೆ ಉಜ್ಜುತ್ತೆ. ಕಿಡಿ ಹಾರಿ ಕೆಳಗಿನ ಬಟ್ಟಲಲ್ಲಿರುವ ಚಿಟಿಕೆ ಮದ್ದಿಗೆ ಬೀಳುತ್ತೆ. ಅದು ಭುಗ್ ಅಂತ ಹೊತ್ತಿ, ಪಕ್ಕದ ಸಣ್ಣ ತೂತಿನ ಮೂಲಕ ಬೆಂಕಿ ಒಳಗೆ ಹೋಗಿ ದೊಡ್ಡ ಮದ್ದನ್ನು ಹೊತ್ತಿಸುತ್ತೆ. ಆಮೇಲೆ ಗುಂಡು. ಇಷ್ಟೂ ನಡೆಯುವುದು ಸೆಕೆಂಡಿನೊಳಗೇ. ಆದರೆ ಆ ಚೂರು ಸಮಯದಲ್ಲೇ ಇರುವುದು ಮಜಾ. ಕಣ್ಣಿನ ಮುಂದೆಯೇ ಬೆಂಕಿ ಭುಗ್ ಅಂದಾಗ ಮನುಷ್ಯ ಬೆಚ್ಚುತ್ತಾನೆ. ಬೆಚ್ಚಿದರೆ ಕೈ ಅಲುಗುತ್ತೆ. ಗುಂಡು ಇನ್ನೂ ಒಳಗೇ ಇರುತ್ತೆ. ಹಾಗಾಗಿ ಈ ಆಟದಲ್ಲಿ ಟ್ರಿಗರ್ ಎಳೆಯುವುದು ಅರ್ಧ ಕೆಲಸ. ಎಳೆದ ಮೇಲೂ ಕಲ್ಲಿನಂತೆ ನಿಲ್ಲುವುದು ಉಳಿದರ್ಧ.

ಈ ಬೆಂಕಿಯ ಕಾಟಕ್ಕೆ ಪರಿಹಾರ ಹುಡುಕಿದವರು ಯಾರು ಗೊತ್ತಾ? ಯಾವುದೋ ಸೈನ್ಯದ ಜನರಲ್ ಅಲ್ಲ. ಸ್ಕಾಟ್ಲೆಂಡ್‌ನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫೋರ್ಸಿತ್. ಅವರಿಗೆ ಹಕ್ಕಿ ಬೇಟೆಯ ಹುಚ್ಚು. ಬಟ್ಟಲಿನ ಬೆಳಕು ಕಂಡ ತಕ್ಷಣ ಹಕ್ಕಿ ಹಾರಿಹೋಗುತ್ತಿತ್ತು. ಪೆಟ್ಟು ಬಿದ್ದರೆ ತಾನೇ ಹೊತ್ತಿಕೊಳ್ಳುವ ರಾಸಾಯನಿಕ ಬಳಸಿ 1807ರಲ್ಲಿ ಪೇಟೆಂಟ್ ತೆಗೆದುಕೊಂಡರು. ಅದೇ ಮುಂದೆ ಕೇಪು ಆಯಿತು. ಮಲೆನಾಡಿನಲ್ಲಿ ಅಜ್ಜಂದಿರು ಹೇಳುವ 'ಕೇಪಿನ ಕೋವಿ'ಯ ಮೂಲ ಇದೇ. ಹಕ್ಕಿ ಹೊಡೆಯಲು ಹೊರಟದ್ದು ಎರಡು ಮೂರು ತಲೆಮಾರಿನೊಳಗೆ ಜಗತ್ತಿನ ಸೈನ್ಯಗಳನ್ನೆಲ್ಲ ಬದಲಾಯಿಸಿತು.

ಸರಿ, ನನ್ನ ಆನೆಯ ಡೈಲಾಗ್‌ಗೆ ಬರೋಣ. ಈ ಸ್ಪರ್ಧೆಗಳಲ್ಲಿ ಅಂಕ ಎಷ್ಟು ಬರುತ್ತೆ? ಕೇಪಿನ ಪಿಸ್ತೂಲಿನಲ್ಲಿ ಗೆಲ್ಲುವವರು ನೂರಕ್ಕೆ ತೊಂಬತ್ತರ ಮೇಲೆ ತೆಗೆಯುತ್ತಾರೆ. ಅಂದರೆ 25 ಮೀಟರ್ ದೂರದಲ್ಲಿ, ಒಂದೇ ಕೈಯಲ್ಲಿ, ನೂರೈವತ್ತು ವರ್ಷ ದಾಟಿದ ಕಬ್ಬಿಣದಲ್ಲಿ, ಬಹುತೇಕ ಗುಂಡುಗಳು ನಿಂಬೆಹಣ್ಣಿನ ಸುತ್ತಮುತ್ತಲೇ. ಆನೆ ಪಾಪ, ಬದುಕುವ ಚಾನ್ಸೇ ಇರಲಿಲ್ಲ.

ನನ್ನೊಳಗಿನ ಇಂಜಿನಿಯರ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಇದು ಹೊಡೆಯುವವನ ಕೈಚಳಕವೋ, ಕೋವಿಯ ಗುಣವೋ? ಎರಡನ್ನೂ ಬೇರೆ ಮಾಡಿ ಅಳೆಯಬೇಕಲ್ಲ? ಆ ಕೆಲಸವನ್ನೂ ಮಾಡಿದ್ದಾರೆ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಒಂದು ಹಳೆಯ ಆಯುಧಶಾಲೆ ಇದೆ. ಸುಮಾರು 32,000 ವಸ್ತುಗಳು ಅಲ್ಲಿವೆ. 1988-89ರಲ್ಲಿ ಅಲ್ಲಿನವರು ಆಸ್ಟ್ರಿಯಾ ಸೈನ್ಯದ ನೆರವಿನಿಂದ ಹದಿನಾರು, ಹದಿನೇಳು, ಹದಿನೆಂಟನೇ ಶತಮಾನದ ಅಸಲಿ ಕೋವಿ, ಪಿಸ್ತೂಲುಗಳನ್ನು ಕಪಾಟಿನಿಂದ ತೆಗೆದು, ಚೌಕಟ್ಟಿಗೆ ಬಿಗಿದು, ಮನುಷ್ಯನ ಕೈಯೇ ತಾಗದಂತೆ ವಿದ್ಯುತ್ತಿನಿಂದ ಹೊತ್ತಿಸಿ ಹೊಡೆದರು. ನುಣುಪು ನಳಿಗೆಯ ಉದ್ದ ಕೋವಿಗಳು 100 ಮೀಟರ್‌ನಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಗುರಿ ತಪ್ಪಿದವು. ಆದರೆ 30 ಮೀಟರ್‌ನಲ್ಲಿ ಪಿಸ್ತೂಲುಗಳು ಎಲ್ಲರೂ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೊಡೆದವು.

ಹಾಗಾದರೆ ಹಳೆಯ ಪುಸ್ತಕಗಳಲ್ಲಿ 'ಗುರಿ ತಾಗುತ್ತಿರಲಿಲ್ಲ' ಎಂದು ಬರೆದವರು ಸುಳ್ಳುಗಾರರಾ? ಅಲ್ಲ. ಇಲ್ಲೇ ಈ ಕಥೆಯ ತಿರುವು ಇರುವುದು.

ಕಪ್ಪು ಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ, ಕಿಟ್ಟವಾಗಿ ಉಳಿಯುತ್ತೆ. ನಾಲ್ಕು ಈಡು ಹೊಡೆಯುವಷ್ಟರಲ್ಲಿ ನಳಿಗೆಯ ಒಳಗೆ ಬೆಲ್ಲದ ಪಾಕ ಅಂಟಿದ ಹಾಗೆ. ಸ್ಪರ್ಧೆಯ ಮನುಷ್ಯ ಏನು ಮಾಡುತ್ತಾನೆ? ಆಗಾಗ ನಳಿಗೆ ಒರೆಸುತ್ತಾನೆ. ಸೀಸದ ಗುಂಡನ್ನು ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿ ಬಿಗಿಯಾಗಿ ಇಳಿಸುತ್ತಾನೆ. ಉಸಿರು ಹಿಡಿದು ನಿಲ್ಲುತ್ತಾನೆ. ಒಂದು ಈಡಿಗೆ ಎರಡು ನಿಮಿಷಕ್ಕೂ ಹೆಚ್ಚು ಸಮಯ ಅವನಿಗಿದೆ. ಎದುರಿಗೆ ಇರುವುದು ಕಾಗದ. ಅದು ತಿರುಗಿ ಹೊಡೆಯುವುದಿಲ್ಲ.

ಅದೇ ಪಿಸ್ತೂಲು ಹಿಡಿದ ಕುದುರೆ ಸವಾರನನ್ನು ನೆನೆಸಿಕೊಳ್ಳಿ. ಕೆಳಗೆ ಕುದುರೆ ಓಡುತ್ತಿದೆ. ಕಿಟ್ಟ ಕಟ್ಟಿದ ನಳಿಗೆಗೂ ಸಲೀಸಾಗಿ ಇಳಿಯಲಿ ಅಂತ ಅವನಿಗೆ ಕೊಟ್ಟ ಗುಂಡು ಬೇಕೆಂದೇ ಚಿಕ್ಕದು. ನಳಿಗೆಯೊಳಗೆ ಅದು ಲೊಟಲೊಟ ಅನ್ನುತ್ತೆ, ಗೋಡೆಯಿಂದ ಗೋಡೆಗೆ ಬಡಿದುಕೊಂಡು ಹೊರಗೆ ಬರುತ್ತೆ. ಸುತ್ತ ಹೊಗೆ. ಎದುರಿನವನ ಕೈಯಲ್ಲಿ ಕತ್ತಿ. ತಪ್ಪಿದರೆ ಇನ್ನೊಂದು ಈಡು ತುಂಬಲು ಪುರುಸೊತ್ತಿಲ್ಲ. ಅವನು ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಿ ಹೊಡೆಯುತ್ತಿದ್ದದ್ದು ಪಿಸ್ತೂಲು ಕೆಟ್ಟದು ಅಂತಲ್ಲ. ಅವನ ಪರಿಸ್ಥಿತಿ ಹಾಗಿತ್ತು. ನಾನು ಟಿವಿಯಲ್ಲಿ ನಕ್ಕಿದ್ದು ಪಿಸ್ತೂಲಿನ ಬಗ್ಗೆ ಅಂದುಕೊಂಡಿದ್ದೆ. ನಿಜವಾಗಿ ನಕ್ಕಿದ್ದು ಹೆದರಿದ್ದ ಒಬ್ಬ ಮನುಷ್ಯನ ಬಗ್ಗೆ.

ಇನ್ನೊಂದು ಕಥೆ ಹೇಳಲೇಬೇಕು. ಕೇಪಿನ ರಿವಾಲ್ವರ್ ಸ್ಪರ್ಧೆಯಲ್ಲಿ ಬಹಳ ಜನ ಇಷ್ಟಪಡುವ ಒಂದು ಆಯುಧ ಇದೆ. ಅದರ ಹೆಸರು 'ರೋಜರ್ಸ್ ಅಂಡ್ ಸ್ಪೆನ್ಸರ್'. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದಾಗ, 1864ರ ಕೊನೆಯಲ್ಲಿ, ನ್ಯೂಯಾರ್ಕ್ ರಾಜ್ಯದ ಒಂದು ಕಾರ್ಖಾನೆಗೆ ಸರ್ಕಾರ 5,000 ರಿವಾಲ್ವರ್‌ಗಳಿಗೆ ಆರ್ಡರ್ ಕೊಟ್ಟಿತು. ಮಾಲೆಲ್ಲ ಬಂದು ಮುಗಿಯುವಷ್ಟರಲ್ಲಿ 1865 ಆಗಿತ್ತು, ಯುದ್ಧ ಮುಗಿದಿತ್ತು. ಆ ರಿವಾಲ್ವರ್‌ಗಳು ಸೈನಿಕರ ಕೈಗೆ ಹೋಗದೆ ಗೋದಾಮಿನಲ್ಲೇ ಕೂತವು. 1901ರಲ್ಲಿ ಹಳೆ ಸಾಮಾನಿನ ಲೆಕ್ಕದಲ್ಲಿ ಬ್ಯಾನರ್‌ಮನ್ ಎಂಬ ವ್ಯಾಪಾರಿಗೆ ಮಾರಿಬಿಟ್ಟರು. ಯುದ್ಧದ ಕೆಸರು, ಉಪ್ಪುಗಾಳಿ, ತುಕ್ಕು ಯಾವುದೂ ತಾಗದ ಕಾರಣ ಅವು ಹೊಸದರಂತೆಯೇ ಉಳಿದಿದ್ದವು. ಗುಂಡಿನ ಗಾಲಿಯ ಮೇಲೆ ಕಬ್ಬಿಣದ ಪಟ್ಟಿ ಇರುವ ಗಟ್ಟಿ ಚೌಕಟ್ಟು, ಕೈಗೆ ಒಪ್ಪುವ ಹಿಡಿ. ಗುರಿಕಾರರು ಅದನ್ನು ಎತ್ತಿಕೊಂಡರು. ಒಲಿಂಪಿಕ್ಸ್ ದರ್ಜೆಯ ಏರ್ ಪಿಸ್ತೂಲು ಮಾಡುವ ಜರ್ಮನಿಯ ಫೈನ್‌ವರ್ಕ್‌ಬೌ ಕಂಪನಿಯೂ ಅದರ ನಕಲನ್ನು ತಯಾರಿಸಿತು. ಯುದ್ಧಕ್ಕೆ ತಡವಾಗಿ ಬಂದದ್ದು ಆಟದಲ್ಲಿ ಮೊದಲ ಸಾಲಿಗೆ ಬಂತು. ಕೊಲ್ಲಲೆಂದೇ ಮಾಡಿದ ಐದು ಸಾವಿರ ಆಯುಧಗಳು ಆ ಯುದ್ಧದಲ್ಲಿ ಒಬ್ಬರನ್ನೂ ಕೊಲ್ಲಲಿಲ್ಲ ಅನ್ನೋದನ್ನ ಓದಿದಾಗ ನನಗೆ ಯಾಕೋ ಮನಸ್ಸು ಹಗುರ ಆಯಿತು.

ನಕಲು ಅಂದೆನಲ್ಲ, ಅದರ ಬಗ್ಗೆ ಒಂದು ಜಗಳವೂ ಇದೆ. ಇನ್ನೂರು ವರ್ಷದ ಅಸಲಿ ವಸ್ತುವನ್ನು ಹೊಡೆಯುವುದು ಸರಿಯಾ? ನಳಿಗೆ ಒಡೆದರೆ? ಸ್ಪ್ರಿಂಗ್ ಮುರಿದರೆ? ಅದಕ್ಕೇ ಸ್ಪರ್ಧೆಯಲ್ಲಿ ಅಸಲಿಗೆ ಒಂದು ವರ್ಗ, ನಕಲಿಗೆ ಇನ್ನೊಂದು ವರ್ಗ. ಅಸಲಿಯನ್ನು ತಮಗೆ ಬೇಕಾದಂತೆ ಕೊರೆದು ತಿದ್ದುವ ಹಾಗಿಲ್ಲ. ನಕಲಿಗಳು ಎಲ್ಲಿಂದ ಬರುತ್ತವೆ ಗೊತ್ತಾ? ಹೆಚ್ಚಿನವು ಇಟಲಿಯ ಗಾರ್ಡೋನೆ ಎಂಬ ಊರು, ಅದರ ಸುತ್ತಲಿನ ಕಣಿವೆಯಿಂದ. ಬೆರೆಟ್ಟಾ ಮನೆತನ 1526ರಲ್ಲಿ ವೆನಿಸ್‌ಗೆ 185 ನಳಿಗೆ ಮಾಡಿಕೊಟ್ಟ ಊರು ಅದು. ಕೊಮಿನಾಟ್ಸೊ ಮನೆತನದ ಊರೂ ಅದೇ. 1957ರಲ್ಲಿ ಶುರುವಾದ ಪೆಡರ್‌ಸೋಲಿ ಕಾರ್ಖಾನೆ ಇವತ್ತಿಗೂ ಅಲ್ಲಿ ಚಕಮಕಿ ಪಿಸ್ತೂಲು ಮಾಡುತ್ತಿದೆ. ಕಸುಬು ಊರು ಬಿಟ್ಟು ಹೋಗಲೇ ಇಲ್ಲ.

ಅಲ್ಲಿಂದ ಜಪಾನಿಗೆ ಬನ್ನಿ. ಇದೇ ಚಾಂಪಿಯನ್‌ಶಿಪ್‌ನಲ್ಲಿ ಬತ್ತಿಯಿಂದ ಹೊತ್ತಿಸುವ ಪಿಸ್ತೂಲಿನ ಸ್ಪರ್ಧೆಗೆ 'ತಾಂಜುತ್ಸು' ಅಂತ ಜಪಾನಿ ಹೆಸರು. ಬತ್ತಿಕೋವಿಯ ಸ್ಪರ್ಧೆಗೆ 'ತನೆಗಾಶಿಮಾ', ಅದೊಂದು ದ್ವೀಪ. 1543ರಲ್ಲಿ ಪೋರ್ಚುಗೀಸರು ಅಲ್ಲಿಗೆ ಬಂದಿಳಿದಾಗ ಆ ದ್ವೀಪದ ಒಡೆಯ ಎರಡು ಕೋವಿ ಕೊಂಡುಕೊಂಡ. ಅವನ ಕಮ್ಮಾರರು ಅದನ್ನು ಬಿಚ್ಚಿ, ನೋಡಿ, ಅಂಥದ್ದೇ ಮಾಡಿದರು. ಜಪಾನಿನ ಎಲ್ಲ ಕೋವಿಗಳ ಅಜ್ಜ ಅದು.

ಆ ಎರಡು ಕೋವಿ ಎಲ್ಲಿಯವು? ಲಾಕ್‌ನ ರಚನೆ, ಸ್ಪ್ರಿಂಗ್ ಹಾಕಿದ ರೀತಿ ನೋಡಿದ ಹಲವು ಸಂಶೋಧಕರು ಬೊಟ್ಟು ಮಾಡುವುದು ಗೋವಾದ ಕಡೆಗೆ. 1510ರವರೆಗೆ ಗೋವಾ ಯಾರದ್ದಾಗಿತ್ತು? ನಮ್ಮ ವಿಜಯಪುರದ ಆದಿಲ್‌ಶಾಹಿಗಳದ್ದು. ಆ ವರ್ಷ ಅಲ್ಬುಕರ್ಕ್ ಅದನ್ನು ಗೆದ್ದುಕೊಂಡ. ಅಲ್ಲಿನ ಕೋವಿ ಕಮ್ಮಾರರ ಕೆಲಸ ಯುರೋಪಿನ ಬೊಹೀಮಿಯಾದವರಿಗೆ ಸಮ ಅಂತ ತನ್ನ ದೊರೆಗೆ ಕಾಗದ ಬರೆದ. ಆ ಸಂಶೋಧಕರ ಮಾತು ನಿಜವಾದರೆ, ಒಂದು ಕಾಲಕ್ಕೆ ವಿಜಯಪುರದ ಆಳ್ವಿಕೆಯಲ್ಲಿದ್ದ ಕಮ್ಮಾರರ ಕೈಕೆಲಸದ ಮರಿಮಕ್ಕಳು ಇವತ್ತು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಪಾನಿ ಹೆಸರು ಹೊತ್ತು ಪದಕ ಗೆಲ್ಲುತ್ತಿವೆ.

ಜಪಾನ್‌ನಲ್ಲಿ ಬಂದೂಕು ಕಾನೂನು ಎಷ್ಟು ಕಠಿಣ ಅಂತ ನಿಮಗೆ ಗೊತ್ತಿರಬಹುದು. ಆದರೂ ಹಳೆಯ ಬತ್ತಿಕೋವಿಗಳನ್ನು ಕಲಾಕೃತಿ ಎಂದು ನೋಂದಾಯಿಸಿ ಇಟ್ಟುಕೊಳ್ಳಲು ಅಲ್ಲಿ ದಾರಿ ಇದೆ. ಆ ನೋಂದಣಿ ನೋಡಿಕೊಳ್ಳುವುದು ಅಲ್ಲಿನ ಶಿಕ್ಷಣ ಮಂಡಳಿ! ನಮ್ಮಲ್ಲಿ? 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಓದಿ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಆಯುಧಕ್ಕೆ ಕಾಯ್ದೆಯಿಂದ ವಿನಾಯಿತಿ. ಅಂದರೆ ಹಳೆ ಪಿಸ್ತೂಲು ಸತ್ತಿದ್ದರೆ ಮಾತ್ರ ಪುರಾತನ ವಸ್ತು. ಉಸಿರಾಡುತ್ತಿದ್ದರೆ ಅದು ಆಯುಧ, ಲೈಸೆನ್ಸ್ ತೋರಿಸಿ. ನಾನು ಕಾನೂನನ್ನು ಬೈಯುತ್ತಿಲ್ಲ. ಬಂದೂಕಿನ ಮೇಲೆ ಹಿಡಿತ ಇರಲೇಬೇಕು. ಆದರೆ ಅಳೆದು ನೋಡಲು ಒಂದು ಲ್ಯಾಬ್ ಆದರೂ ಬೇಡವಾ?

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ಹಳೆಯ ಯುದ್ಧ ರಾಕೆಟ್‌ಗಳನ್ನು ತೆಗೆದರು. ಮೈಸೂರಿನ ಪ್ರಸಿದ್ಧ ಕಬ್ಬಿಣದ ರಾಕೆಟ್‌ಗಳು. ನಾವು ಟಿವಿಯವರು ಏನು ಮಾಡಿದೆವು? ಎರಡು ದಿನ ಕೂಗಿದೆವು. ಅವು ಟಿಪ್ಪುವನ್ನು ಹೊಗಳಲು ಬಂದಿವೆಯೋ ಬೈಯಲು ಬಂದಿವೆಯೋ ಅಂತ ಪ್ಯಾನೆಲ್ ಕೂರಿಸಿದೆವು. ಅದರ ತಗಡು ಎಷ್ಟು ದಪ್ಪ, ಒಳಗಿನ ಮದ್ದಿನಲ್ಲಿ ಪೆಟ್ಲುಪ್ಪು ಎಷ್ಟು, ಅಂಥದ್ದೇ ಒಂದು ನಕಲು ಮಾಡಿದರೆ ಎಷ್ಟು ದೂರ ಹಾರುತ್ತೆ ಅಂತ ಒಬ್ಬ ಆ್ಯಂಕರೂ ಕೇಳಲಿಲ್ಲ. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಬರೆದುಕೊಳ್ಳಿ. ಶ್ರೀರಂಗಪಟ್ಟಣದ ಪಿಸ್ತೂಲುಗಳಲ್ಲಿ ಜೋಡಿಗಳಿವೆ. ಒಂದರ ಲಾಕ್ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ, ಕನ್ನಡಿಯಲ್ಲಿ ನೋಡಿದಂತೆ. ಎಡಗೈಗೆ ಅಂತಲೇ ಬೇರೆ ಲಾಕ್ ಮಾಡಿದ ಆ ಕಮ್ಮಾರ ಯಾರು? ಅವನ ಹೆಸರಿನಲ್ಲಿ ಒಂದು ಸ್ಪರ್ಧೆ ಯಾಕಿಲ್ಲ? ಅಸಲಿಯನ್ನು ಯಾರೂ ಮುಟ್ಟುವುದು ಬೇಡ, ಅವು ಗಾಜಿನ ಹಿಂದೆಯೇ ಕ್ಷೇಮ. ನಕಲು ಮಾಡಿ ಅಳೆಯಲು ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರಗಾಲವೇ?

ಮುಂದಿನ ವಾರದ ಕಾರ್ಯಕ್ರಮದಲ್ಲಿ ನಾನು ತಪ್ಪು ಒಪ್ಪಿಕೊಂಡೆ. ಅದಕ್ಕೆ ಯಾರೂ ನಗಲಿಲ್ಲ, ಯಾರೂ ಶೇರ್ ಮಾಡಲಿಲ್ಲ. ಆನೆಯ ಕ್ಲಿಪ್ ಮಾತ್ರ ಇವತ್ತಿಗೂ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ.

ಸುಬೇದಾರರಿಗೆ ಫೋನ್ ಮಾಡಿ ಹೇಳಿದೆ. "ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತ ಇದೆ, ಬನ್ನಿ" ಅಂದರು. ಕೊಡವರಿಗೆ ಕೋವಿ ಆಯುಧಪೂಜೆಯ ವಸ್ತು, ಮನೆಯ ಸದಸ್ಯ ಇದ್ದಂತೆ. ಅದಕ್ಕೆ ಕಾನೂನಿನಲ್ಲೂ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಉದ್ದ ಕೋವಿಗೆ, ಪಿಸ್ತೂಲಿಗಲ್ಲ. ಹಬ್ಬದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೆಂಗಸರು, ಕಾಲೇಜು ಹುಡುಗಿಯರು ಬಂದು ಹೊಡೆದು ಕಾಯಿ ಸೀಳಿ ಹೋದರು. ನನ್ನ ಕೈಗೂ ಒಂದು ಕೋವಿ ಕೊಟ್ಟರು. ಒಳ್ಳೆಯ, ಹೊಸ ಕೋವಿ.

ಮೂರು ಗುಂಡು ಹೊಡೆದೆ. ಮೂರೂ ಕಾಡಿಗೆ ಹೋದವು. ಕಾಯಿ ಅಲ್ಲಾಡಲೂ ಇಲ್ಲ.

ಸುಬೇದಾರರು ಹತ್ತಿರ ಬಂದು ಕೋವಿ ವಾಪಸ್ ಇಸಿದುಕೊಂಡರು. ನಳಿಗೆ ಒಮ್ಮೆ ನೋಡಿ, ನನ್ನ ಮುಖ ಒಮ್ಮೆ ನೋಡಿ ಹೇಳಿದರು. "ಕೋವಿ ಸರಿಯಾಗೇ ಇದೆ ಸರ್. ಬನ್ನಿ, ಊಟ ಮಾಡೋಣ."